ಆಗ್ನೇಯ ಮೂಲೆಯ ಒಲೆ

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ನಾನು ಹೇಳುವುದಕ್ಕಿಂತ ಪರದೇಶದ ಈ ಪುಚೊಂಗ್‌ನ ನಮ್ಮ ಕಾಂಡೋದ ಸೆಕ್ಯುರಿಟಿಯವರನ್ನೋ ತರಕಾರಿ ಅಂಗಡಿಯ ತಮಿಳು ಅಕ್ಕನನ್ನೋ ನನ್ನ ಗಂಡನನ್ನೋ ಕೇಳಿದರೆ ಇನ್ನೂ ಚೆನ್ನಾಗಿ ಹೇಳಿಯಾರು. ತಪ್ಪು ಕಂಡರೆ ಮುಖಕ್ಕೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಬಹಳ ವರ್ಷ ಜಂಬ ಕೊಚ್ಚಿಕೊಂಡವಳು ನಾನು. ಹೇಳಲೇಬೇಕಾಗಿದ್ದ ಒಂದು ಹೊತ್ತಿನಲ್ಲಿ ಮಾತ್ರ ನನ್ನ ಬಾಯಿ ಬಿಚ್ಚಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಆರ್ಕಿಯಾಲಜಿ ಓದುತ್ತಿದ್ದಳು. ಅದು ನನಗೆ ಇಷ್ಟವಿರಲಿಲ್ಲ. ನಾನು ಆರಿಸಿಟ್ಟದ್ದು ನಿಲಾಯ್‌ನಲ್ಲಿ ಫಾರ್ಮಸಿ. ಮನೆಯಿಂದ ಒಂದು ಗಂಟೆಯ ದಾರಿ, ಶನಿವಾರ ಶನಿವಾರ ಬಂದು ಹೋಗಬಹುದು. ಅವಳ ಹೆಸರಿನಲ್ಲಿ ಅರ್ಜಿಯನ್ನೂ ನಾನೇ ತುಂಬಿದ್ದೆ. ಸಹಿ ಮಾಡೆಂದು ಮುಂದಿಟ್ಟಾಗ ಅವಳು ಪೆನ್ನು ಮುಟ್ಟಲಿಲ್ಲ. "ಹಳೇ ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ಹಂಪೀಲಿ ಬೇಕಾದಷ್ಟಿದೆ," ಎಂದು ರೇಗಿದ್ದೆ. "ಇಟ್ಸ್ ನಾಟ್ ಅಬೌಟ್ ಕಲ್ಲು ಲಾ, ಅಮ್ಮಾ," ಎಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ.

2020ರ ಮಾರ್ಚ್‌ನಲ್ಲಿ, ಇಲ್ಲಿ ಲಾಕ್‌ಡೌನ್ ಶುರುವಾಗುವುದಕ್ಕೆ ಎರಡು ದಿನ ಮುಂಚೆ, ಅವಳು ಒಂದು ಸೂಟ್‌ಕೇಸ್ ಹಿಡಿದು ಮನೆಗೆ ಬಂದಳು. ಎರಡನೇ ವರ್ಷದ ಓದು ಲ್ಯಾಪ್‌ಟಾಪಿನಲ್ಲೇ ಮುಗಿಯಿತು. ಆ ಬೇಸಿಗೆಯಲ್ಲಿ ಅವಳು ಒಂದು ರೋಮನ್ ಕೋಟೆಯ ಹತ್ತಿರ ಅಗೆಯಲು ಹೋಗಬೇಕಿತ್ತು. ಅದು ರದ್ದಾಯಿತು. ಕೊನೆಯ ವರ್ಷದ ಪ್ರಬಂಧವನ್ನು ಅದೇ ಕೋಟೆಯ ಮೇಲೆ, ಆದರೆ ಮಣ್ಣು ಮುಟ್ಟದೆ, ಹಳಬರು ಅಗೆಯುವಾಗ ಬರೆದಿಟ್ಟ ನೋಟ್‌ಬುಕ್‌ಗಳನ್ನು ನೋಡಿ ಬರೆಯಬೇಕೆಂದು ತೀರ್ಮಾನವಾಯಿತು. ಯೂನಿವರ್ಸಿಟಿಯವರು ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನನಗೆ ಅದನ್ನೆಲ್ಲ ತೋರಿಸಿದಳು. ಇಂಗ್ಲೆಂಡಿನ ಉತ್ತರಕ್ಕೆ ರೋಮನ್ನರ ಗಡಿ. ಅಲ್ಲಿ ಮೂಲೆ ಸವೆದ ಸೋಪಿನಂಥ ಆಕಾರದ ಒಂದು ಕೋಟೆ, ನಾಲ್ಕು ಬಾಗಿಲು. ಒಳಗೆ ಸೈನಿಕರ ಸಾಲುಮನೆಗಳು, ನಡುವೆ ಕಚೇರಿ, ತೇವ ಹತ್ತದಂತೆ ನೆಲ ಎತ್ತರಿಸಿ ಕಟ್ಟಿದ ಕಣಜಗಳು. ಈಗ ಉಳಿದಿರುವುದು ಹುಲ್ಲಿನ ನಡುವೆ ಮೊಣಕಾಲೆತ್ತರದ ಗೋಡೆಗಳು, ಅಷ್ಟೆ. ದಕ್ಷಿಣದ ಬಾಗಿಲಿನಿಂದ ಹೊರಡುವ ರಸ್ತೆಯ ಎರಡೂ ಬದಿಗೆ ಒಂದು ಊರಿತ್ತು. ಸೈನಿಕರಿಗೆ ಕಾನೂನಿನ ಪ್ರಕಾರ ಮದುವೆಯಾಗುವ ಹಾಗಿರಲಿಲ್ಲವಂತೆ. ಆದರೂ ಹೆಂಗಸರಿದ್ದರು, ಮಕ್ಕಳಿದ್ದರು. ಅವರೂ ವ್ಯಾಪಾರಿಗಳೂ ಈ ಹೊರಗಿನ ಊರಿನಲ್ಲಿ ಇರುತ್ತಿದ್ದರು.

"ಅಂದ್ರೆ ಹೆಂಡ್ತೀರಿಗೆ ಡಿಪೆಂಡೆಂಟ್ ಪಾಸೂ ಇರ್ಲಿಲ್ವಾ?" ಎಂದೆ.

ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಮದುವೆಯಾದ ವರ್ಷ ಗಂಡನ ಹಿಂದೆ ಇಲ್ಲಿಗೆ ಬಂದ ನನಗೆ ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟಿನಲ್ಲಿರುವ ಗುರುತು ಅದೊಂದೇ, ಗಂಡನ ಅವಲಂಬಿತೆ. ಆ ಪಾಸಿನ ಮೇಲೆ ಕೆಲಸ ಮಾಡುವಂತಿರಲಿಲ್ಲ. ಗಂಡನಿಗೆ ಕ್ಲಾಂಗ್ ಬಂದರಿನಲ್ಲಿ ಕಂಟೈನರ್‌ಗಳ ಕಾಗದಪತ್ರದ ಕೆಲಸ. ನನಗೆ ಮನೆ.

ಅದಕ್ಕೂ ಮುಂಚೆ ನನಗೊಂದು ಕಸುಬಿತ್ತು. ಮೈಸೂರಿನಲ್ಲಿ ಒಬ್ಬ ಆರ್ಕಿಟೆಕ್ಟ್ ಆಫೀಸಿನಲ್ಲಿ ಎಂಟು ವರ್ಷ ಪ್ಲಾನ್ ಬರೆದಿದ್ದೇನೆ. ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಮಾತು. ಟ್ರೇಸಿಂಗ್ ಹಾಳೆ, ಟಿ-ಸ್ಕ್ವೇರ್, ಸೂಜಿಮೂಗಿನ ಇಂಕ್ ಪೆನ್ನು. ಮಗಳಿಗೆ ಇದು ಗೊತ್ತಿತ್ತು, ಆದರೆ ಅಮ್ಮ ಚಿಕ್ಕವಳಿದ್ದಾಗ ಡ್ಯಾನ್ಸ್ ಕಲಿತಿದ್ದಳಂತೆ ಎನ್ನುವಷ್ಟೇ ಗೊತ್ತಿತ್ತು.

ಅವಳು ಸಿಕ್ಕಿಹಾಕಿಕೊಂಡದ್ದು ಅಡಿ ಮತ್ತು ಇಂಚಿನಲ್ಲಿ. ನೋಟ್‌ಬುಕ್‌ಗಳು ಹಳೆಯವು, ಅಳತೆಯೆಲ್ಲ ಅಡಿ-ಇಂಚಿನಲ್ಲಿ. ನೆಲದ ಮೇಲೆ ಒಂದು ದಾರ ಎಳೆದು, ಆ ದಾರದ ಉದ್ದಕ್ಕೆ ಇಷ್ಟು ಅಡಿ ಹೋಗಿ, ಅಲ್ಲಿಂದ ಎಡಕ್ಕೆ ಇಷ್ಟು ಅಡಿ ಸರಿದರೆ ಒಂದು ಕಂಬದ ಗುಳಿ, ಇಷ್ಟು ಸರಿದರೆ ಚರಂಡಿಯ ಕಲ್ಲು, ಹೀಗೆ ಪುಟಗಟ್ಟಲೆ. ಅದನ್ನೆಲ್ಲ ಕೂಡಿಸಿ ಆ ಊರಿನ ಒಂದು ಮನೆಯ ಪ್ಲಾನ್ ಮಾಡಬೇಕಿತ್ತು. ಮೀಟರಿನಲ್ಲಿ ಬೆಳೆದ ಹುಡುಗಿ ಮೂರು ದಿನ ಕೂತು ಬರೆದದ್ದನ್ನು ನಾನು ಹಿಂದಿನಿಂದ ಇಣುಕಿದೆ. ಗೋಡೆ ಗೋಡೆಗೆ ಸೇರುತ್ತಿರಲಿಲ್ಲ.

"ಏಳು, ನಾನು ಮಾಡ್ತೀನಿ," ಎಂದೆ.

ಸ್ಟೇಷನರಿ ಅಂಗಡಿಗಳು ಮುಚ್ಚಿದ್ದವು. ಅಡುಗೆಮನೆಯಲ್ಲಿ ಕೇಕಿಗೆ ಹಾಸುವ ಬಟರ್ ಪೇಪರಿನ ಸುರುಳಿಯಿತ್ತು. ಮೈಸೂರಿನಲ್ಲಿ ಕಚ್ಚಾ ಪ್ಲಾನಿಗೆ ನಾವು ಬಳಸುತ್ತಿದ್ದುದೂ ಅಂಥದೇ ಹಾಳೆ. ಅಲ್ಮೇರಾದ ತಳದಲ್ಲಿದ್ದ ನನ್ನ ಹಳೆಯ ಪೆನ್ನುಗಳನ್ನು ಬಿಸಿನೀರಿನಲ್ಲಿ ಎರಡು ದಿನ ನೆನೆಹಾಕಿದೆ. ಮೂರರಲ್ಲಿ ಒಂದು ಬರೆಯಿತು. ಆ ಮೊದಲ ಗೆರೆ ಎಳೆದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಹೊರಗೆ ಜನ ಸಾಯುತ್ತಿರುವಾಗ ಇಷ್ಟು ಸಂತೋಷಪಡುವುದು ಸರಿಯೇ ಎಂದು ಭಯವೂ ಆಯಿತು.

ಮುಂದಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಅಡುಗೆಯಾದ ನೆನಪಿಲ್ಲ. ಗಂಡ ಬಂದರಿನಿಂದ ಬರುವಾಗ ದಾರಿಯ ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ರೊಟ್ಟಿ, ಸಾರು ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರುತ್ತಿದ್ದರು. "ಇವತ್ತೂ ರೋಮನ್ನರ ಮನೇಲಿ ಊಟಾನಾ?" ಎಂದು ಬಾಗಿಲಲ್ಲೇ ಕೇಳುವರು. ಹನ್ನೆರಡನೇ ಮಹಡಿಯ ನಮ್ಮ ಕಿಟಕಿಯ ಕೆಳಗೆ ಖಾಲಿ ಎಲ್‌ಆರ್‌ಟಿ ರೈಲು ಹೋಗಿಬರುತ್ತಿತ್ತು. ನಾನು ಮತ್ತು ಮಗಳು ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬಳು ಓದಿ ಹೇಳುವುದು, ಒಬ್ಬಳು ಬರೆಯುವುದು. ಅವಳು ಹೈಸ್ಕೂಲು ಸೇರಿದ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಮನೆಯ ಆಕಾರ ಮೂಡುತ್ತ ಬಂತು. ಉದ್ದಕ್ಕೆ, ಇಕ್ಕಟ್ಟಾಗಿ, ಕಿರಿದಾದ ಮುಖ ರಸ್ತೆಗೆ. "ಇದು ಕ್ಲಾಂಗ್ ಪೇಟೆಯ ಹಳೇ ಅಂಗಡಿಮನೆ ಥರಾನೇ ಇದೆಯಲ್ಲೇ," ಎಂದೆ. "ಮುಂದೆ ಅಂಗಡಿ, ಹಿಂದೆ ಸಂಸಾರ." ಮಗಳು ಅದನ್ನು ಬರೆದುಕೊಂಡಳು. ಒಳಗೆ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ಒಂದು ಬೀಸುವ ಕಲ್ಲು, ನೂಲುವ ಕದಿರಿಗೆ ಸಿಕ್ಕಿಸುವ ಮಣ್ಣಿನ ಬಿಲ್ಲೆ, ಕೆಸರಿನಲ್ಲಿ ಕೊಳೆಯದೆ ಉಳಿದ ಒಂದು ಮಗುವಿನ ಚರ್ಮದ ಚಪ್ಪಲಿ. ಆ ಚಪ್ಪಲಿಯ ಉದ್ದ ನಾಲ್ಕು ಇಂಚು. ಸ್ಕೇಲಿನಲ್ಲಿ ನಾಲ್ಕು ಇಂಚು ಅಳೆದು ಸ್ವಲ್ಪ ಹೊತ್ತು ನೋಡಿದೆ.

ಅವಳ ಷರತ್ತು ಒಂದೇ. "ಅಮ್ಮಾ, ನೋಟ್‌ಬುಕ್‌ನಲ್ಲಿ ಇಲ್ಲದ್ದು ಪ್ಲಾನ್‌ನಲ್ಲಿ ಇರ್ಬಾರ್ದು. ಗೊತ್ತಿಲ್ಲ ಅಂದ್ರೆ ಬ್ಲ್ಯಾಂಕ್ ಬಿಡು. ಡೋಂಟ್ ಗೆಸ್." ಇದನ್ನು ಕನ್ನಡ ಸೇರಿಸಿ ಹೇಳಿದ್ದಳು, ನನ್ನ ತಲೆಗೆ ಹೋಗಲಿ ಎಂದು. ನಾನು ಹೂಂ ಹೂಂ ಎಂದೆ.

ಆ ಮನೆಯಲ್ಲಿ ಒಂದು ಒಲೆಯಿತ್ತು. ಸುಟ್ಟ ಮಣ್ಣು, ಸುತ್ತ ಕಲ್ಲು, ಅಗಲ ಮೂರು ಅಡಿ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲಿತ್ತು. ಎಲ್ಲಿ ಎಂಬುದು ಮುಂದಿನ ಸಾಲಿನಲ್ಲಿ ಇದ್ದಿರಬೇಕು. ಅಲ್ಲಿ ನೀರು ಬಿದ್ದು ಪೆನ್ಸಿಲ್ ಅಳಿಸಿಹೋಗಿತ್ತು. ನಾನು ಒಲೆಯನ್ನು ಮನೆಯ ಆಗ್ನೇಯ ಮೂಲೆಯಲ್ಲಿ ಬರೆದೆ.

ಇದನ್ನು ಹೇಗೆ ವಿವರಿಸಲಿ? ವಾಸ್ತುವಿನಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಮೈಸೂರಿನ ಆ ಎಂಟು ವರ್ಷ ನನ್ನ ಅರ್ಧ ಕೆಲಸ ಅದೇ ಆಗಿತ್ತು. ಆರ್ಕಿಟೆಕ್ಟ್ ಸಾಹೇಬರು ಚೆಂದದ ಒಂದು ಪ್ಲಾನ್ ಮಾಡುವರು. ಮನೆ ಕಟ್ಟಿಸುವವರು ಅದನ್ನು ಒಯ್ದು ಯಾರೋ ವಾಸ್ತುವಿನವರಿಗೆ ತೋರಿಸಿ, ವಾರ ಬಿಟ್ಟು ಕೆಂಪು ಪೆನ್ನಿನ ಗೀಟು ಹಾಕಿಸಿಕೊಂಡು ಬರುವರು. ಅಡುಗೆಮನೆ ಆಗ್ನೇಯಕ್ಕೆ, ಸಂಪು ಈಶಾನ್ಯಕ್ಕೆ, ಯಜಮಾನರ ಕೋಣೆ ನೈಋತ್ಯಕ್ಕೆ. ನಾನು ಬ್ಲೇಡಿನಿಂದ ಇಂಕು ಕೆರೆದು ಮತ್ತೆ ಬರೆಯುತ್ತಿದ್ದೆ. ಎಷ್ಟು ಸಲ ಕೆರೆದಿದ್ದೆನೆಂದರೆ ಕೊನೆಕೊನೆಗೆ ಸಾಹೇಬರು ಎಲ್ಲೇ ತೋರಿಸಿರಲಿ, ನಾನೇ ಮೊದಲು ಒಲೆಯನ್ನು ಆಗ್ನೇಯಕ್ಕೆ ಇಟ್ಟು ಆಮೇಲೆ ಗೋಡೆ ಎಬ್ಬಿಸುತ್ತಿದ್ದೆ. ಈ ರೋಮನ್ ಮನೆಯ ಬಾಗಿಲು ಪಶ್ಚಿಮಕ್ಕೆ, ರಸ್ತೆಯ ಕಡೆಗಿತ್ತು. ಒಳಗೆ ಹೋಗಿ ಹಿಂಬದಿಯ ಬಲಮೂಲೆಯೇ ಆಗ್ನೇಯ. ಅಲ್ಲಿ ಮೂರು ಅಡಿಯ ಒಂದು ದುಂಡನೆಯ ಗೆರೆ ಎಳೆದು, ಸುತ್ತ ಪುಟ್ಟ ಪುಟ್ಟ ಕಲ್ಲು ಬರೆದು, ಗ್ಯಾಸಿನ ಮೇಲಿಟ್ಟ ಬೇಳೆ ನೋಡಲು ಎದ್ದು ಹೋದೆ. ಊಹೆ ಮಾಡುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ.

ಮಗಳು ಗೋಡೆಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿದಳು. ಎಲ್ಲ ಸರಿಯಿತ್ತು. ಒಲೆಯನ್ನು ನೋಡಲಿಲ್ಲ, ನನ್ನನ್ನು ನಂಬಿದಳು. ನಂಬಿದ್ದಷ್ಟೇ ಅಲ್ಲ, ಪ್ರಬಂಧದ ನಡುವಿನ ಅಧ್ಯಾಯವನ್ನೇ ಅದರ ಮೇಲೆ ಕಟ್ಟಿದಳು. ಒಲೆ ರಸ್ತೆಯ ಬದಿಗಿದ್ದಿದ್ದರೆ ಅದು ಸೈನಿಕರಿಗೆ ಊಟ ಮಾರುವ ಅಂಗಡಿ ಎನ್ನಬಹುದಿತ್ತು. ಹಿಂದಿದ್ದದ್ದರಿಂದ ಅದು ಮನೆಯ ಅಡುಗೆಯ ಒಲೆ, ಕಾಗದದಲ್ಲಿ ಎಲ್ಲೂ ಇಲ್ಲದ ಒಬ್ಬ ಹೆಂಗಸಿನ ಸಂಸಾರ ಅಲ್ಲಿ ನಡೆಯುತ್ತಿತ್ತು ಎಂದು ಬರೆದಳು. ನನಗೆ ಓದಿ ಹೇಳಿದಾಗ ನನಗೂ ಹೆಮ್ಮೆಯಾಯಿತು. ಮುಂದಿನ ವರ್ಷ ಮಾಸ್ಟರ್ಸ್‌ಗೆ ಸೀಟು ಬೇಕಿದ್ದರೆ ಅವಳ ಗೈಡ್ ಒಂದು ಶಿಫಾರಸು ಪತ್ರ ಕೊಡಬೇಕಿತ್ತು. ಈ ಅಧ್ಯಾಯ ಓದಿದ ಮೇಲೆ ಕೊಡುತ್ತೇನೆಂದು ಅವರು ಹೇಳಿದ್ದರು.

ಗೈಡ್ ಅರವತ್ತು ದಾಟಿದ ಹೆಂಗಸು. ಮೆಲುಮಾತು. ತಾನೂ ವಿದ್ಯಾರ್ಥಿನಿಯಾಗಿದ್ದಾಗ ಅದೇ ಕೋಟೆಯಲ್ಲಿ ಅಗೆದವರು. ಮರುವರ್ಷದ ಫೆಬ್ರವರಿಯ ಒಂದು ಸಂಜೆ, ಇಲ್ಲಿ ಆರು ಗಂಟೆ, ಅವರಿಗೆ ಬೆಳಿಗ್ಗೆ ಹತ್ತು, ವಿಡಿಯೋ ಕಾಲಿನಲ್ಲಿ ಬಂದರು. ಮಗಳ ಕೋಣೆಯಲ್ಲಿ ವೈಫೈ ಸರಿಯಾಗಿ ಸಿಗದೆ ಅವಳು ಊಟದ ಮೇಜಿನಲ್ಲೇ ಕೂತಿದ್ದಳು. ನಮ್ಮದು ಗೋಡೆಯಿಲ್ಲದ ಅಡುಗೆಮನೆ. ಕ್ಯಾಮೆರಾಕ್ಕೆ ಕಾಣದ ಬದಿಯಲ್ಲಿ, ಮೇಜಿನಿಂದ ಮೂರು ಹೆಜ್ಜೆ ದೂರದಲ್ಲಿ, ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ.

ಅಧ್ಯಾಯವನ್ನು ಅವರು ಹೊಗಳಿದರು. ಪ್ಲಾನನ್ನು ಇನ್ನೂ ಹೆಚ್ಚು ಹೊಗಳಿದರು. ನನ್ನ ಮುಖದಲ್ಲಿ ನಗು ಬಂತು. ಆಮೇಲೆ ಕೇಳಿದರು, "ಈ ಒಲೆ ಇಲ್ಲಿಗೆ ಎಲ್ಲಿಂದ ಬಂತು? ಆ ನೋಟ್‌ಬುಕ್ ನಾನು ಓದಿದ್ದೇನೆ. ಒಲೆಯಿತ್ತು ಅಂತಿದೆ. ಜಾಗ ಅಳಿಸಿಹೋಗಿದೆ."

ನನಗೆ ತಕ್ಷಣ ನೆನಪಾಯಿತು. ಬೇಳೆ, ದುಂಡನೆಯ ಗೆರೆ, ಪುಟ್ಟ ಕಲ್ಲುಗಳು, ಎಲ್ಲ.

ಮಗಳು ಮುಂದಿದ್ದ ಪ್ರಿಂಟ್‌ಔಟಿನ ಪುಟ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. ನಾನು ಗ್ಯಾಸ್ ಆರಿಸಿದೆ, ಸೌಟು ಹಿಡಿದು ನಿಂತೆ. ಹೋಗಿ ಹೇಳಬೇಕು ಎಂದು ಗೊತ್ತಿತ್ತು. ಮೈಮೇಲೆ ನೈಟಿಯಿತ್ತು, ತಲೆ ಬಾಚಿರಲಿಲ್ಲ, ಅಂಥವರ ಮುಂದೆ ನನ್ನ ಇಂಗ್ಲಿಷ್ ಏಳುವುದಿಲ್ಲ. ಇವೆಲ್ಲ ನೆಪ. ನಿಜವೇನೆಂದರೆ ನನಗೆ ನಾಚಿಕೆಯಾಗಿತ್ತು. ಇಷ್ಟು ವರ್ಷಗಳ ಮೇಲೆ ಯಾರೋ ನನ್ನ ಕೈಕೆಲಸವನ್ನು ಹೊಗಳಿದ್ದರು, ಹೊಗಳಿ ಒಂದು ನಿಮಿಷವೂ ಆಗಿರಲಿಲ್ಲ.

"ನಾನೇ ಊಹಿಸಿರಬೇಕು," ಎಂದಳು ಮಗಳು ಇಂಗ್ಲಿಷಿನಲ್ಲಿ. "ಸಾರಿ. ನನ್ನ ತಪ್ಪು."

ಗೈಡ್ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಊಹೆಯಾದರೆ ಊಹೆ ಅಂತ ಬರೆಯಬೇಕಿತ್ತು. ಇದು ದಾಖಲೆಯ ಹಾಗೆ ಕೂತಿದೆ. ಇಂಥದ್ದನ್ನು ನಮ್ಮಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ, ನಿನಗೆ ಗೊತ್ತು," ಎಂದರು. ಪತ್ರದ ವಿಷಯ ಸ್ವಲ್ಪ ಯೋಚಿಸಿ ಹೇಳುತ್ತೇನೆ ಎಂದರು. ಕಾಲ್ ಮುಗಿಯಿತು.

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ನನ್ನ ಕಡೆ ನೋಡಿ, "ಉಪ್ಪಿಟ್ಟು ಆಯ್ತಾ?" ಎಂದಳು. ಅಷ್ಟೆ. ನಾನು ಬಡಿಸಿದೆ. ಅವಳು ತಿಂದಳು. ಆ ಹೊತ್ತಿನಲ್ಲೂ ಹೇಳಬಹುದಿತ್ತು, ಹೇಳಲಿಲ್ಲ. ತರಕಾರಿಯವಳ ಹತ್ತಿರ ಬಾಡಿದ ಬೆಂಡೆಕಾಯಿಗೆ ಅರ್ಧ ಗಂಟೆ ವಾದ ಮಾಡುವ ನಾನು.

ಮರುದಿನ ಬೆಳಿಗ್ಗೆ ಸ್ಕ್ಯಾನ್‌ಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ, ಎಲ್ಲಾದರೂ ಒಂದು ಸುಳಿವು ಸಿಕ್ಕಿ ನಾನು ಸರಿಯೇ ಎಂದಾಗಿಬಿಡಲಿ ಎಂಬ ಆಸೆಯಿಂದ. ಇರಲಿಲ್ಲ. ಬಾಲ್ಕನಿಯಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದಲ್ಲಿ ನಿಂತು, "ಆ ಒಲೆ ನಾನು ಬರೆದದ್ದು ಕಣೇ," ಎಂದೆ.

"ಐ ನೋ," ಎಂದಳು. "ಸೌತ್-ಈಸ್ಟ್. ಅವರು ಕೇಳಿದ ಕೂಡ್ಲೇ ಗೊತ್ತಾಯ್ತು. ಈ ಫ್ಲ್ಯಾಟ್‌ಗೆ ಬಂದಾಗಿಂದ ನಮ್ಮ ಕಿಚನ್ ತಪ್ಪು ಮೂಲೇಲಿದೆ ಅಂತ ಹೇಳ್ತಾನೇ ಇದ್ದೀಯಲ್ಲ."

"ಮತ್ತೆ ಅವರಿಗೆ ಯಾಕೆ ಹೇಳ್ಲಿಲ್ಲ?"

"ನೀನು ಮತ್ತೆ ಪೆನ್ ಮುಟ್ತಿರ್ಲಿಲ್ಲ. ಐ ನೋ ಯು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ತಪ್ಪು ಹೊರಲು ಅವಳಿಗೆ ಯಾರು ಹೇಳಿದ್ದರು? ನಾನೇನು ಚಿಕ್ಕ ಮಗುವೇ? ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಬಕೆಟ್ಟಿಗೆ ಎಸೆದು ಇದನ್ನೆಲ್ಲ ಕೂಗಿದೆ. ಎದುರಿನ ಬ್ಲಾಕಿನವರು ಕಿಟಕಿಯಿಂದ ನೋಡಿದರು. ಅವಳು ಒದ್ದೆ ಟವೆಲ್ ಕೊಡವಿ ಹಾಕಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ, ನಾನು ಬೈಯುತ್ತಿದ್ದುದು ಯಾರನ್ನು ಎಂದು ನನಗೇ ತಿಳಿಯಿತು.

ಮಧ್ಯಾಹ್ನ ಗೈಡ್‌ಗೆ ನಾನೇ ಮೇಲ್ ಬರೆದೆ. ಮಗಳಿಗೆ ತೋರಿಸಲಿಲ್ಲ, ಇಂಗ್ಲಿಷ್ ತಿದ್ದಿಸಲಿಲ್ಲ. ಪ್ಲಾನ್ ಬರೆದವಳು ನಾನು, ಅಡಿ-ಇಂಚಿನ ಲೆಕ್ಕ ನನ್ನದು. ಒಲೆಯನ್ನು ಆ ಮೂಲೆಯಲ್ಲಿ ಇಟ್ಟದ್ದು ನಮ್ಮ ಕಡೆ ಮನೆ ಕಟ್ಟುವವರ ರೂಢಿ, ನೋಟ್‌ಬುಕ್ಕಿನ ಮಾತಲ್ಲ. ನೀವು ಕೇಳಿದಾಗ ನಾನು ಅದೇ ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ. ಗೊತ್ತಿಲ್ಲದ್ದನ್ನು ಖಾಲಿ ಬಿಡು ಎಂದು ಮಗಳು ಹೇಳಿದ್ದಳು, ಬಿಡಲು ನನಗೆ ಬರುವುದಿಲ್ಲ, ಅವಳು ಎಲ್ಲಿ ಓದಬೇಕು ಎಂಬುದನ್ನೂ ನಾನು ಹೀಗೆಯೇ ತುಂಬಿಬಿಟ್ಟಿದ್ದೆ. ಇದು ಗೈಡ್‌ಗೆ ಬೇಡದ ಮಾತು. ಆದರೂ ಅಳಿಸಲಿಲ್ಲ. ಕಳಿಸು ಎಂಬುದನ್ನು ಒತ್ತಿ, ಹೋಗಿ ಎರಡು ಸಲ ಕೈ ತೊಳೆದುಕೊಂಡೆ.

ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನಾನು ಮನೆಯ ಕಪಾಟುಗಳನ್ನೆಲ್ಲ ತೆಗೆದು ತೊಳೆದೆ. ಗಂಡನಿಗೆ ಹೇಳಿದೆ. ಅವರು, "ಬಂದರಲ್ಲಿ ಒಂದು ಅಂಕಿ ತಪ್ಪಿದ್ರೆ ಕಂಟೈನರ್ ಬೇರೆ ದೇಶಕ್ಕೆ ಹೋಗುತ್ತೆ. ಆದ್ರೂ ಹಡಗು ಮುಳುಗಲ್ಲ, ಸುಮ್ನಿರು," ಎಂದರು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮೂರನೇ ದಿನ ಉತ್ತರ ಮಗಳಿಗೆ ಬಂತು, ಕೆಳಗೆ ನನ್ನ ಮೇಲ್ ಕೂಡ ಇತ್ತು. ಶಿಫಾರಸು ಪತ್ರ ಬರೆಯುತ್ತೇನೆ ಎಂದು ಗೈಡ್ ಹೇಳಿದ್ದರು. ಅಧ್ಯಾಯವನ್ನು ಹೊಸದಾಗಿ ಬರೆಯಬೇಕು, ಒಲೆ ಮುಂದೆ ಇದ್ದಿದ್ದರೆ ಏನು, ನಡುವೆ ಇದ್ದಿದ್ದರೆ ಏನು, ಹಿಂದೆ ಇದ್ದಿದ್ದರೆ ಏನು ಎಂದು ಮೂರನ್ನೂ ನೋಡಬೇಕು, ಯಾವುದನ್ನೂ ಆರಿಸಬಾರದು. ಪ್ಲಾನನ್ನು ನಿನ್ನ ಅಮ್ಮನೇ ಮತ್ತೆ ಬರೆಯಲಿ, ಬರೆದವರು ಯಾರೆಂದು ಅದರ ಕೆಳಗೆ ನಮೂದಿಸಲಿ. ಇನ್ನೊಬ್ಬರ ತಪ್ಪನ್ನು ತನ್ನದೆಂದು ಹೇಳುವುದೂ ದಾಖಲೆಯನ್ನು ತಿದ್ದಿದ ಹಾಗೆಯೇ ಎಂದು ಅವಳಿಗೂ ಒಂದು ಮಾತು ಬರೆದಿದ್ದರು.

ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಗಳು ಆ ಉತ್ತರವನ್ನು ಓದಿ ಹೇಳಿ ಮುಗಿಸಿ, ಆಮೇಲೆ ಕೆಳಗಿದ್ದ ನನ್ನ ಮೇಲನ್ನು ತನ್ನಷ್ಟಕ್ಕೆ ಓದಿಕೊಂಡಳು. ನಿಧಾನವಾಗಿ, ಒಂದೊಂದು ಸಾಲು. ನನ್ನ ಇಂಗ್ಲಿಷಿಗೆ ನಗುತ್ತಾಳೆ ಎಂದುಕೊಂಡೆ.

ನಗಲಿಲ್ಲ. ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ನನ್ನನ್ನು ನೋಡಿದಳು. ಆಮೇಲೆ ಆದಷ್ಟೂ ಕನ್ನಡದಲ್ಲೇ, ಪದ ಹುಡುಕಿ ಹುಡುಕಿ ಹೇಳಿದಳು.

"ಅಮ್ಮಾ, ಆ ದಿನ ನಾನು ಪೇಜ್ ತಿರುಗಿಸಿದ್ದು ಹುಡುಕೋಕಲ್ಲ. ನೀನು ಬರ್ತೀಯ ಅಂತ ಕಾದೆ."

ಅವಳು ಒಂದು ಸಲ ಪುಟ ತಿರುವಿ, ಸಾಲದೆಂದು ಮತ್ತೊಂದು ಸಲ ತಿರುವಿದ್ದಳು. ಅಷ್ಟು ಹೊತ್ತೂ ನಾನು ಮೂರು ಹೆಜ್ಜೆ ದೂರದಲ್ಲೇ ನಿಂತಿದ್ದೆ.